ಕೇಪಿನ ಕೋವಿ: ಸವೆದದ್ದು ಯಾವುದು, ಬರೀ ಕೊಳೆಯಾದದ್ದು ಯಾವುದು?

ಮಳೆಗಾಲ ಮುಗಿದು ಆಯುಧಪೂಜೆ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಕೋವಿ ನೆನಪಾಗುತ್ತದೆ. ಈ ಸಲ ಬಂದ ಪತ್ರಗಳೆಲ್ಲ ಅದರದ್ದೇ, ಅಂದರೆ ಬಾಯಿಯಿಂದ ಮದ್ದು ತುಂಬಿ, ಹಿಂದೆ ನಿಪ್ಪಲ್ ಎಂಬ ತೂತಿರುವ ಸಣ್ಣ ಮೊಳೆಯ ಮೇಲೆ ಕೇಪು (ಹೊಡೆದರೆ ಕಿಡಿ ಹಾರುವ ಪುಟ್ಟ ಲೋಹದ ಟೋಪಿ) ಇಟ್ಟು ಹಾರಿಸುವ ಕೇಪಿನ ಕೋವಿಯದ್ದೇ. ಲೈಸೆನ್ಸ್ ಇರುವ ಕೋವಿ ಅಂದುಕೊಂಡೇ ಉತ್ತರಿಸುತ್ತಿದ್ದೇನೆ. ಇನ್ನೊಂದು, ಎಲ್ಲರೂ ರೈಫಲ್ ಅಂತಲೇ ಬರೆದಿದ್ದೀರಿ. ನಳಿಗೆ ಒಳಗೆ ಸುರುಳಿ ಸುರುಳಿಯಾಗಿ ಗೀರು ಇದ್ದರೆ ಮಾತ್ರ ಅದು ರೈಫಲ್. ನಮ್ಮ ಮಲೆನಾಡಿನ ಮನೆಗಳಲ್ಲಿರುವುದು ಹೆಚ್ಚಿನವು ನುಣುಪು ನಳಿಗೆಯ ಕೋವಿಗಳು. ಇರಲಿ, ರಿಪೇರಿ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಅಜ್ಜನ ಕಾಲದ ಕೋವಿ. ಕೇಪು ಪಟ್ ಅನ್ನುತ್ತದೆ, ಒಳಗಿನ ಮದ್ದಿಗೆ ಬೆಂಕಿ ಹತ್ತುವುದಿಲ್ಲ. ನಿಪ್ಪಲ್ ಬದಲಿಸಬೇಕಾ? (ಮೂಡಿಗೆರೆಯ ಓದುಗರು)

ಮೊದಲು ಒಂದು ಮಾತು. ಕೇಪು ಹೊಡೆದು ಕೋವಿ ಹಾರದಿದ್ದರೆ ತಕ್ಷಣ ತಿರುಗಿಸಿ ನೋಡಬೇಡಿ. ಬಾಯಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಿರಿ, ಕಿಡಿ ಒಳಗೇ ಕುಳಿತು ತಡವಾಗಿ ಹಾರುವುದುಂಟು. ಆಮೇಲೂ ಮದ್ದು ಒಳಗೇ ಇದೆ ಎಂದಾದರೆ ನೀವೇ ಕೆದಕಲು ಹೋಗದೆ ಬಲ್ಲವರಿಂದ ತೆಗೆಸಿ. ಅಟ್ಟದಿಂದ ಇಳಿಸಿದ ಕೋವಿ ಖಾಲಿ ಇದೆಯಾ ಅಂತ ನೋಡುವುದಕ್ಕೆ ಗಜ (ಮದ್ದು ಒತ್ತುವ ಉದ್ದ ಕೋಲು) ಸಾಕು. ನಿಪ್ಪಲ್ ಮೇಲೆ ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಗಜವನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಹತ್ತಿರ ಬೆರಳಲ್ಲಿ ಗುರುತು ಹಿಡಿದು ಹೊರಗೆಳೆಯಿರಿ. ಅದನ್ನೇ ನಳಿಗೆಯ ಹೊರಗೆ ಇಟ್ಟು ನೋಡಿ. ತುದಿ ನಿಪ್ಪಲ್ ಹತ್ತಿರ ಬಂದರೆ ಖಾಲಿ. ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. "ಅಪ್ಪ ಖಾಲಿ ಮಾಡೇ ಇಟ್ಟಿದ್ರು" ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಹತ್ತರಲ್ಲಿ ಎಂಟು ಸಲ ಅದು ಸವೆತವಲ್ಲ, ಕೊಳೆ. ಈ ಕೋವಿಗೆ ಹಾಕುವ ಕರಿಮದ್ದು ಉರಿದರೂ ಪೂರ್ತಿ ಅನಿಲವಾಗುವುದಿಲ್ಲ, ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಗಟ್ಟಿ ಪದಾರ್ಥವಾಗೇ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹೋದರೆ ಉಳಿದದ್ದು ನಳಿಗೆಯಲ್ಲೇ ಮಸಿಯಾಗಿ ಕೂರುತ್ತದೆ. ಈ ಮಸಿ ಗಾಳಿಯ ತೇವ ಹೀರುತ್ತದೆ. ಜೂನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ಅದು ಏನು ಮಾಡೀತು ಯೋಚಿಸಿ! ಜೊತೆಗೆ ತುಕ್ಕು ಹಿಡಿಯಬಾರದೆಂದು ಧಾರಾಳವಾಗಿ ಎಣ್ಣೆ ಬಿಟ್ಟು ಬಾಯಿ ಮೇಲೆ ಮಾಡಿ ಮೂಲೆಗೆ ನಿಲ್ಲಿಸುತ್ತೇವೆ. ಆ ಎಣ್ಣೆ ಇಳಿದು ಇಳಿದು ನಿಪ್ಪಲ್‌ನ ಸಣ್ಣ ದಾರಿಯಲ್ಲಿ ಗಟ್ಟಿಯಾಗುತ್ತದೆ.

ಹಾಗಾಗಿ ಮೊದಲು ತೊಳೆಯಿರಿ. ಖಾಲಿ ಅಂತ ಖಾತ್ರಿಯಾದ ಮೇಲೆ ಲಾಕ್ (ಟ್ರಿಗರ್ ಎಳೆದಾಗ ಕೇಪಿಗೆ ಹೊಡೆಯುವ ಯಂತ್ರಭಾಗ) ಬಿಚ್ಚಿ, ನಳಿಗೆಯನ್ನು ಮರದ ಹಿಡಿಯಿಂದ ಬೇರೆ ಮಾಡಿ, ಹಿಂತುದಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಅದ್ದಿ. ನೀರಿಗೆ ಸ್ವಲ್ಪ ಸೋಪು. ಗಜಕ್ಕೆ ಹಳೆ ಬನಿಯನ್ ಚೂರು ಸುತ್ತಿ ಪಿಚಕಾರಿಯಂತೆ ಮೇಲೆ ಕೆಳಗೆ ಎಳೆದರೆ ನಿಪ್ಪಲ್ ತೂತಿನಿಂದಲೇ ನೀರು ಒಳಗೆ ಬಂದು ಹೊರಗೆ ಹೋಗುತ್ತದೆ. ಮೊದಲ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತದೆ, ಗಾಬರಿಯಾಗಬೇಡಿ, ಅದು ಮದ್ದಿನ ಗಂಧಕ. ನೀರು ತಿಳಿಯಾಗುವವರೆಗೂ ಬದಲಿಸುತ್ತಿರಿ. ಕೊನೆಗೆ ಒಮ್ಮೆ ಕುದಿಯುವ ನೀರು ಹಾಕಿದರೆ ಕಬ್ಬಿಣ ಕಾದು ತಾನೇ ಬೇಗ ಒಣಗುತ್ತದೆ. ಆಮೇಲೆ ತೆಳುವಾಗಿ ಎಣ್ಣೆ. ಮತ್ತೆ ಬಳಸುವ ಮೊದಲು ಆ ಎಣ್ಣೆ ಒರೆಸಿ, ಖಾಲಿ ಕೋವಿಗೆ ಒಂದು ಕೇಪು ಮಾತ್ರ ಇಟ್ಟು, ಬಾಯಿಯ ಮುಂದೆ ನೆಲದ ಮೇಲೆ ಒಣ ಕಾಫಿ ಎಲೆ ಹಾಕಿ ಹೊಡೆಯಿರಿ. ಎಲೆ ಹಾರಿದರೆ ದಾರಿ ಸಲೀಸು.

ಇಷ್ಟಾದರೂ ಸರಿಹೋಗದಿದ್ದರೆ ನಿಪ್ಪಲ್ ನೋಡಿ. ತುದಿ ಹೊಡೆತ ತಿಂದು ಅಣಬೆಯಂತೆ ಅರಳಿದೆಯಾ? ಕೇಪು ಸಡಿಲ ಕೂರುತ್ತಿದೆಯಾ? ತೂತು ಅಗಲವಾಗಿ, ಹಾರಿಸಿದಾಗ ಬೆಂಕಿ ಹಿಂದಕ್ಕೆ ಬಂದು ಕುದುರೆಯನ್ನೇ (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಎತ್ತುತ್ತಿದೆಯಾ? ಹಾಗಿದ್ದರೆ ಬದಲಿಸಲೇಬೇಕು, ಕಣ್ಣಿನ ವಿಷಯ. ನಿಪ್ಪಲ್ ಹಾಕುವುದು ಐದು ನಿಮಿಷದ ಕೆಲಸ, ಆದರೆ ಅದರ ಮರೆ (ತಿರುಪಿನ ಸುತ್ತು) ಕೋವಿಯಿಂದ ಕೋವಿಗೆ ಬೇರೆ. "ಸುಮಾರಾಗಿ ಕೂರುತ್ತೆ" ಅನ್ನುವುದು ಬೇಡ. ಸುಮಾರಾಗಿ ಕೂತದ್ದು ಒಂದು ದಿನ ಕಿತ್ತು ಮುಖಕ್ಕೇ ಬರುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದವರನ್ನೂ ನೋಡಿದ್ದೇನೆ, ಕೋವಿ ಏನು ನಲ್ಲಿಯೇ? ತೂತು ಬಿಡಿಸಲು ಕಬ್ಬಿಣದ ತಂತಿ ತಿರುಗಿಸಬೇಡಿ, ಅದರಿಂದಲೇ ಅಗಲವಾಗುವುದು.

ಅರ್ಧ ಎಳೆದು ನಿಲ್ಲಿಸಿದ ಕುದುರೆ ಟ್ರಿಗರ್ ಮುಟ್ಟಿದರೆ ಬೀಳುತ್ತದೆ. ಊರಿನ ಕುಲುಮೆಯವರು ವೆಲ್ಡ್ ಮಾಡಿ ಅರ ಹಾಕಿ ಕೊಡುತ್ತೇನೆ ಅನ್ನುತ್ತಾರೆ. ಕೊಡಲೇ? (ಸಕಲೇಶಪುರದಿಂದ)

ಕೊಡಬೇಡಿ. ಇವತ್ತಿನಿಂದ ಆ ಕೋವಿಗೆ ಮದ್ದನ್ನೂ ತುಂಬಬೇಡಿ. ಲಾಕ್ ಒಳಗೆ, ಕುದುರೆಯ ಜೊತೆಗೇ ತಿರುಗುವ ಚಕ್ರದಂಥ ಚೂರಿಗೆ ಎರಡು ಕಚ್ಚು ಇರುತ್ತದೆ. ಅರ್ಧದ ಕಚ್ಚು ಆಳವಾಗಿದ್ದು ಟ್ರಿಗರ್ ಎಳೆದರೂ ಬಿಡಬಾರದು. ನಿಮ್ಮದರಲ್ಲಿ ಅದರ ತುಟಿ ಮುರಿದಿದೆ, ಇಲ್ಲವೇ ಅದಕ್ಕೆ ಸಿಕ್ಕಿಕೊಳ್ಳುವ ನಾಲಿಗೆ ಸವೆದಿದೆ. ಇವನ್ನು ಕಾಯಿಸಿ ಗಡಸು ಮಾಡಿರುತ್ತಾರೆ. ವೆಲ್ಡಿಂಗ್ ಬೆಂಕಿಗೆ ಆ ಗಡಸುತನ ಹೋಗಿ ಮೆತ್ತಗಾಗುತ್ತದೆ, ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಅದೇ ಕತೆ. ನಮ್ಮ ಮನೆಯದಕ್ಕೂ ಹೀಗೇ ಮಾಡಿಸಿದ್ದರು. ಮೂರನೇ ವಾರ ಖಾಲಿ ಕೋವಿ ಗೋಡೆಗೆ ತಾಗಿದ್ದೇ ತಡ, ಕುದುರೆ ಟಪ್ ಅಂತ ಬಿತ್ತು. ಖಾಲಿ ಇದ್ದದ್ದು ಪುಣ್ಯ.

ಕಾನೂನೂ ಇದೆ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡಿ ಕೊಡುವವರಿಗೂ ಲೈಸೆನ್ಸ್ ಬೇಕು. ಕುಲುಮೆಯವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಅವರನ್ನೂ ಸಿಕ್ಕಿಸಬೇಡಿ. ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಯ್ಯಿರಿ, ಹೋಗುವಾಗ ನಿಮ್ಮ ಲೈಸೆನ್ಸ್ ಪುಸ್ತಕ ಜೇಬಲ್ಲಿರಲಿ. ಲಾಕ್‌ನ ದೊಡ್ಡ ಸ್ಪ್ರಿಂಗನ್ನು ಇಕ್ಕಳ ಹಾಕಿ ಎಬ್ಬಿಸುವ ಸಾಹಸ ಮನೆಯಲ್ಲಿ ಬೇಡ, ಅದು ಸಿಡಿದರೆ ಬೆರಳು ಸೀಳುತ್ತದೆ.

ಕೊಬ್ಬರಿ ಎಣ್ಣೆ ಹಾಕಬಹುದಾ? (ಆಲ್ದೂರು)

ನಮ್ಮ ಕಡೆ ಎಲ್ಲರೂ ಹಾಕುವುದು ಅದನ್ನೇ ಅಲ್ವಾ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬಚ್ಚಲುಮನೆಯ ಬಾಟಲಿ ನೋಡಿ, ಬೆಳ್ಳಗೆ ಬೆಣ್ಣೆಯಂತಿರುತ್ತದೆ. ಲಾಕ್ ಒಳಗೂ ಅದೇ ಗತಿ. ಕುದುರೆ ಮಂದವಾಗಿ ಬಿದ್ದು ಕೇಪು ಹಾರದೆ, "ಸ್ಪ್ರಿಂಗ್ ಹೋಯ್ತು" ಅಂತ ಹೊಸದು ಹಾಕಿಸಿದವರಿದ್ದಾರೆ! ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಸಾಕು. ಮರಕ್ಕೆ ಬೇಕಾದರೆ ಅಗಸೆ ಎಣ್ಣೆ ತಿಕ್ಕಿ.

ಹಾಂ, ಆಯುಧಪೂಜೆಯಲ್ಲಿ ಇಟ್ಟ ಕುಂಕುಮ, ಚಿಮುಕಿಸಿದ ತೀರ್ಥವನ್ನು ಮಾರನೇ ದಿನವೇ ಒರೆಸಿಬಿಡಿ. ಬೊಟ್ಟಿಟ್ಟ ಜಾಗದಲ್ಲೇ ದುಂಡಗೆ ತುಕ್ಕು ಹಿಡಿದ ನಳಿಗೆ ನಮ್ಮ ಮನೆಯಲ್ಲೇ ಇದೆ.

ನಳಿಗೆ ಒಳಗೆ ಗುಳಿ ಬಿದ್ದಿದೆ, ನಡುವೆ ಒಂದು ಕಡೆ ಉಬ್ಬಿದಂತಿದೆ. ತೋಟೆಯೊಳಗಿನ (ಕಾರ್ಟ್ರಿಜ್) ಮದ್ದು ಸ್ವಲ್ಪವೇ ಹಾಕಿದರೆ ನಡೆಯುತ್ತಾ? (ಕೊಪ್ಪ)

ಇಲ್ಲ. ಉಬ್ಬಿದ ನಳಿಗೆಗೆ ಯಾವ ಮದ್ದೂ ಬೇಡ, ಅದನ್ನು ಬಡಿದು ಸರಿಮಾಡಲಿಕ್ಕೂ ಆಗದು. ತೋಟೆಯ ಮದ್ದು ಕರಿಮದ್ದಲ್ಲ, ಅದರ ಒತ್ತಡವೇ ಬೇರೆ. ಗಟ್ಟಿ ಇರುವ ಕೇಪಿನ ಕೋವಿಗೂ ಅದನ್ನು ಒಂದು ಚಿಟಿಕೆ ಹಾಕಬಾರದು. ಬರೀ ಸಣ್ಣ ಗುಳಿಗಳಾಗಿದ್ದರೆ ಅಂಗಡಿಯವರು ನೋಡಿ ಹೇಳಲಿ.

ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿ ತುಕ್ಕು ಹಿಡಿದು ವಾಪಸ್ ಬಂತು. (ಬೇಲೂರು)

ಕೊಡುವ ಹಿಂದಿನ ದಿನವೇ ತೊಳೆದು ಒಣಗಿಸಿ, ನಳಿಗೆ ಒಳಗೂ ಹೊರಗೂ ಗ್ರೀಸ್ ಸವರಿ ಕೊಡಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವರುತ್ತದೆ. ಹಳೆ ಹತ್ತಿ ಪಂಚೆ ಸುತ್ತಿ, ಲೈಸೆನ್ಸ್ ನಂಬರ್ ಬರೆದ ಚೀಟಿ ಕಟ್ಟಿ, ರಸೀದಿ ಮರೆಯದೆ ಇಸಿದುಕೊಳ್ಳಿ. ವಾಪಸ್ ಬಂದ ಮೇಲೆ ಗ್ರೀಸ್ ಪೂರ್ತಿ ತೆಗೆದು, ಮೇಲೆ ಹೇಳಿದ ಕಾಫಿ ಎಲೆ ಪರೀಕ್ಷೆ ಮಾಡದೆ ಮದ್ದು ತುಂಬಬೇಡಿ.