ಪ್ರತಿಕ್ರಿಯೆ: ಶಿಬಿರದಲ್ಲಿ ಹುಟ್ಟಿದವನು 'ನಮ್ಮೂರು ಸಫ್ಫೂರಿಯಾ' ಅನ್ನುವುದೇಕೆ?

ನೀವು ಅನುವಾದಿಸುತ್ತಿರುವ ಪ್ಯಾಲೆಸ್ತೀನಿ ಕಥೆಯಲ್ಲಿ ಪಾತ್ರವೊಂದು ತಾನು ಹುಟ್ಟದ ಊರನ್ನು 'ನಮ್ಮೂರು' ಅನ್ನುತ್ತದೆ, ಇದು ಮೂಲದ ತಪ್ಪೇ ಅಂತ ಕೇಳಿದ್ದೀರಿ. ಮೂಲದಲ್ಲಿ ತಪ್ಪಿಲ್ಲ, ತಿದ್ದಬೇಡಿ. 1980ರಲ್ಲಿ ಲೆಬನಾನಿನ ಐನ್ ಅಲ್-ಹಿಲ್ವೆ ಎಂಬ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ನಿಮ್ಮ ಪಾತ್ರ ಹೇಳುತ್ತಿರುವುದು ಅಜ್ಜನ ಊರನ್ನು. ಪ್ಯಾಲೆಸ್ತೀನಿನ ಆ ಊರು 1948ರ ಜುಲೈಯಲ್ಲಿ, ಅರಬ್-ಇಸ್ರೇಲ್ ಯುದ್ಧದ ಹೊತ್ತಿಗೆ, ಖಾಲಿಯಾಯಿತು. ಓಡಿಬಂದವರು ಶಿಬಿರದಲ್ಲೂ ಊರಿನವರ ಪಕ್ಕದಲ್ಲೇ ನೆಲೆಸಿದರು. ಹಾಗಾಗಿ ಶಿಬಿರದೊಳಗೇ ಸಫ್ಫೂರಿಯಾ ಹೆಸರಿನ ಕೇರಿ ಇದೆ. ನಾನೂ ಒಂದು ಅನುವಾದದಲ್ಲಿ ಇಲ್ಲೇ ಎಡವಿದ್ದೆ.

ಮೊದಲು ಊರ ಹೆಸರು ಬಂದ ಕಡೆಯೆಲ್ಲ ಗುರುತು ಹಾಕಿ. ಹಳೇ ಊರೋ ಕೇರಿಯೋ ನೋಡಿ. ಕೇರಿಯಾದರೆ 'ಸಫ್ಫೂರಿಯಾ ಕೇರಿ' ಎಂದೇ ಬರೆಯಿರಿ.

ಆಮೇಲೆ 'ಹಮೂಲಾ' ಎಂಬ ಅರಬ್ಬಿ ಪದ. ದಯವಿಟ್ಟು ಜಾತಿ ಅಂತ ಮಾಡಬೇಡಿ. ತಂದೆಯ ಕಡೆಯಿಂದ ಒಬ್ಬನೇ ಮೂಲಪುರುಷನನ್ನು ಹೇಳಿಕೊಳ್ಳುವ ಹಲವು ಮನೆಗಳ ಗುಂಪು ಅದು. 'ಮನೆತನ' ಹತ್ತಿರ ಬರುತ್ತದೆ, ಆದರೆ ಸ್ವಲ್ಪ ಚಿಕ್ಕದಾಯಿತು. ನಾನಾದರೆ ಹಮೂಲಾ ಅಂತಲೇ ಇಟ್ಟು, ಮೊದಲ ಸಲ ಮಾತ್ರ ವಾಕ್ಯದೊಳಗೇ ಬಿಡಿಸಿ ಹೇಳುತ್ತೇನೆ. ಊರ ಮುಖ್ಯಸ್ಥನಾದ 'ಮುಖ್ತಾರ್'ಗೆ ನಮ್ಮ ಹಳೇ ಪಟೇಲ ಹೆಚ್ಚುಕಮ್ಮಿ ಹೊಂದುತ್ತಾನೆ.

ಕೊನೆಗೆ 'ಶಿಬಿರ'. ಓದುಗರ ಕಣ್ಣಿಗೆ ಗುಡಾರ ಬರುತ್ತದೆ, ಅಲ್ವಾ? 1980ರ ಹೊತ್ತಿಗೆ ಅಲ್ಲಿದ್ದದ್ದು ಸಿಮೆಂಟ್ ಮನೆ, ಇಕ್ಕಟ್ಟಿನ ಓಣಿ. ಒಂದು ಸಾಲು ಸೇರಿಸಿ.

ಕಥೆಯಲ್ಲಿ ಬೈರುತ್‌ನಲ್ಲಿರುವ ಚಿಕ್ಕಪ್ಪ ಶಿಬಿರದವರನ್ನು ಕೀಳಾಗಿ ನೋಡುವುದೇಕೆ ಅಂತಲೂ ಕೇಳಿದ್ದೀರಿ. ನಿರಾಶ್ರಿತರೆಲ್ಲ ಶಿಬಿರ ಸೇರಲಿಲ್ಲ. ಸೇರಿದವರಲ್ಲಿ ಹಳ್ಳಿಯ ರೈತರೇ ಜಾಸ್ತಿ. ಕೈಯಲ್ಲಿ ಹಣವಿದ್ದ ಪಟ್ಟಣದವರು ಬಾಡಿಗೆ ಮನೆ ಹಿಡಿದರು. ಅವನ ಬಿಗುಮಾನ ಇದರಿಂದಲೇ ಇರಬಹುದು. ಪೂರ್ತಿ ಕಥೆ ನಾನು ಓದಿಲ್ಲ. ಅವನ ಅಪ್ಪ ಏನು ಕೆಲಸ ಮಾಡುತ್ತಿದ್ದ ಅಂತ ಹುಡುಕಿ ನೋಡಿ, ಗೊತ್ತಾಗುತ್ತದೆ.