ಕಟ್ಟಡಕ್ಕೆ ಹಣವಿತ್ತು, ದಾದಿಯ ಸಂಬಳಕ್ಕೆ ಇರಲಿಲ್ಲ

ಓದುಗರ ಪತ್ರ (ಸಂಗ್ರಹಿಸಿ ಕೊಟ್ಟಿದ್ದೇವೆ): “ರಾಷ್ಟ್ರೀಯ ಯೋಜನೆಗಳು ಕಾಗದದಲ್ಲೇ ಉಳಿಯಲು ಬಜೆಟ್ಟಿನ ಜೊತೆ ಅವುಗಳ ತಾಳ ಕೂಡದಿರುವುದೇ ಕಾರಣ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಯೋಜನೆ, ಹಣಕಾಸು ಎರಡನ್ನೂ ಒಂದೇ ಸಚಿವಾಲಯಕ್ಕೆ ಕೊಟ್ಟರೆ ಮುಗಿಯಿತಲ್ಲ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಸರ್ಕಾರಕ್ಕೆ ಅನ್ವಯಿಸುವುದಿಲ್ಲವೇ? ಇದರಲ್ಲಿ ಸಂಸತ್ತಿಗೇನು ಕೆಲಸ?”

ಸಂಪಾದಕರ ಉತ್ತರ:

ಗಾದೆ ಸರ್ಕಾರಕ್ಕೂ ಅನ್ವಯಿಸುತ್ತದೆ. ತೊಂದರೆ ಏನೆಂದರೆ, ಹಾಸಿಗೆ ಎಷ್ಟುದ್ದ ಎಂಬುದನ್ನು ಕಾಲಿಗೆ ಕೊನೆಯಲ್ಲಿ ತಿಳಿಸುತ್ತಾರೆ. ಇಲಾಖೆಗಳು ಮೊದಲು ಬೇಡಿಕೆ ಕಳಿಸುತ್ತವೆ. ಕಡಿತವಾಗುವುದು ಗ್ಯಾರಂಟಿ ಎಂದು ಗೊತ್ತಿರುವುದರಿಂದ ಒಂದಿಷ್ಟು ಹೆಚ್ಚಿಗೇ ಕೇಳಿರುತ್ತವೆ. ಹೆಚ್ಚಿಗೆ ಕೇಳಿದ್ದಾರೆಂದು ಗೊತ್ತಿರುವುದರಿಂದ ಹಣಕಾಸಿನವರು ಎಲ್ಲದಕ್ಕೂ ಒಂದೇ ಸಮನೆ ಕತ್ತರಿ ಹಾಕುತ್ತಾರೆ. ಈ ಚೌಕಾಸಿ ನಡೆಯುವಾಗ ಯೋಜನೆಯ ದಪ್ಪ ಪುಸ್ತಕ ಕಪಾಟಿನಲ್ಲೇ ಇರುತ್ತದೆ.

ಒಂದು ಆಸ್ಪತ್ರೆಯ ಕಡತವನ್ನೇ ಕಲ್ಪಿಸಿಕೊಳ್ಳಿ. ನಿವೇಶನ, ಕಟ್ಟಡ, ಉಪಕರಣ: ಈ ಕಾಲಂಗಳೆಲ್ಲ ಪೈಸೆ ಪೈಸೆಯವರೆಗೆ ಭರ್ತಿಯಾಗಿವೆ. ಬಲಗಡೆಯ ಕೊನೆಯ ಕಾಲಂ ಮಾತ್ರ ಖಾಲಿ. ಅಲ್ಲಿ ಬರಬೇಕಾದದ್ದು ವೈದ್ಯರು, ದಾದಿಯರ ಸಂಬಳ, ಔಷಧಿ, ಕರೆಂಟು, ರಿಪೇರಿ. ಅದೂ ಒಂದು ವರ್ಷದ್ದಲ್ಲ, ಆಸ್ಪತ್ರೆ ಇರುವಷ್ಟು ಕಾಲದ್ದು. ಕಡತ ಮಂಜೂರಾಗುತ್ತದೆ, ಕಟ್ಟಡ ಏಳುತ್ತದೆ, ಉದ್ಘಾಟನೆಯ ರಿಬ್ಬನ್ ಕತ್ತರಿಸುತ್ತಾರೆ. ಹುದ್ದೆ ಮಂಜೂರಾತಿಯ ಕಡತ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿರುತ್ತದೆ. ಇಲ್ಲಿ ಕಳ್ಳತನ ನಡೆದಿಲ್ಲ, ಸೋಮಾರಿತನವೂ ಇಲ್ಲ. ಕಟ್ಟುವುದನ್ನು ಒಬ್ಬರು, ನಡೆಸುವುದನ್ನು ಇನ್ನೊಬ್ಬರು ತೀರ್ಮಾನಿಸುತ್ತಾರೆ, ಅಷ್ಟೇ.

ಭಾರತ ಸರ್ಕಾರ ಇಂಥ ಗೋಡೆಯೊಂದನ್ನು ದಶಕಗಟ್ಟಲೆ ಕಾಪಾಡಿಕೊಂಡು ಬಂತು. 1950ರಲ್ಲಿ ಹುಟ್ಟಿದ ಯೋಜನಾ ಆಯೋಗ ಯೋಜನಾ ವೆಚ್ಚ ನೋಡುತ್ತಿತ್ತು, ಹಣಕಾಸು ಸಚಿವಾಲಯ ಯೋಜನೇತರ ವೆಚ್ಚ ನೋಡುತ್ತಿತ್ತು. ಹೊಸದೆಲ್ಲ ಯೋಜನೆ, ಹಳೆಯದನ್ನು ನಡೆಸಿಕೊಂಡು ಹೋಗುವುದು ಹೆಚ್ಚಾಗಿ ಯೋಜನೇತರ. ‘ಯೋಜನೇತರ’ ಎಂದರೆ ದಂಡದ ಖರ್ಚು ಎಂಬ ಭಾವನೆಯೂ ಬೆಳೆಯಿತು. ಹೀಗಾಗಿ ಹೊಸ ರಸ್ತೆಗೆ ಹಣ ಹುಟ್ಟುತ್ತಿತ್ತು, ಹಳೆಯ ರಸ್ತೆಯ ಗುಂಡಿ ಮುಚ್ಚಲು ಹುಟ್ಟುತ್ತಿರಲಿಲ್ಲ. ಈ ವಿಂಗಡಣೆ ತೆಗೆಯಿರಿ ಎಂದು ಸರ್ಕಾರಿ ವೆಚ್ಚದ ನಿರ್ವಹಣೆ ಕುರಿತ ರಂಗರಾಜನ್ ಸಮಿತಿ 2011ರಲ್ಲಿ ಹೇಳಿತು. ಅದು ಹೋದದ್ದು 2017-18ರ ಬಜೆಟ್ಟಿನಲ್ಲಿ. ಅಷ್ಟರಲ್ಲಿ ಯೋಜನಾ ಆಯೋಗವೇ ಹೋಗಿ ನೀತಿ ಆಯೋಗ ಬಂದು ಎರಡು ವರ್ಷವಾಗಿತ್ತು.

ಇನ್ನು ಒಂದೇ ಸಚಿವಾಲಯದ ವಿಚಾರ. ಉಗಾಂಡಾ 1992ರಲ್ಲಿ ನೀವು ಹೇಳಿದ್ದನ್ನೇ ಮಾಡಿತು, ಮಿತಿಮೀರಿದ್ದ ಹಣದುಬ್ಬರ ಹತೋಟಿಗೆ ಬಂತು. ಆದರೆ ಅಲ್ಲಿ ಬೋರ್ಡು ಬದಲಾದದ್ದಷ್ಟೇ ಅಲ್ಲ. ಹಲವು ವರ್ಷಗಳ ವೆಚ್ಚದ ಚೌಕಟ್ಟು ಹಾಕಿಕೊಂಡು, ಕೈಯಲ್ಲಿ ಹಣ ಇದ್ದಷ್ಟೇ ಬಿಡುಗಡೆ ಮಾಡುವ ಶಿಸ್ತನ್ನೂ ತಂದರು. ಎರಡು ಸಚಿವಾಲಯ ಸೇರಿಸಿ, ಒಳಗೆ ಎರಡು ಮಹಡಿಗಳಲ್ಲಿ ಎರಡು ವಿಭಾಗ ಇಟ್ಟರೆ ಗೋಡೆ ಮಲಗಿ ಛಾವಣಿಯಾಯಿತು ಎನ್ನಬಹುದು, ಬೇರೇನೂ ಆಗಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಆಸ್ಟ್ರೇಲಿಯಾ 1980ರ ದಶಕದಲ್ಲಿ ರೂಢಿಗೆ ತಂದ ಕ್ರಮ. ಈಗಿರುವ ನೀತಿ ಹೀಗೇ ಮುಂದುವರಿದರೆ ಮುಂದಿನ ಮೂರು ವರ್ಷ ಎಷ್ಟು ಖರ್ಚಾಗುತ್ತದೆ ಎಂಬ ಅಂದಾಜು ಬಜೆಟ್ಟಿನ ಜೊತೆಗೇ ಇರುತ್ತದೆ. ಮರುವರ್ಷದ ಲೆಕ್ಕ ಅಲ್ಲಿಂದಲೇ ಶುರು. ಹೊಸ ಯೋಜನೆ ಬೇಕೆನ್ನುವ ಸಚಿವರು ಅದರ ಖರ್ಚಿನ ಲೆಕ್ಕದೊಂದಿಗೆ ಸಂಪುಟಕ್ಕೆ ಬರಬೇಕು. ಆ ಹಣಕ್ಕೆ ತಮ್ಮದೇ ಖಾತೆಯಲ್ಲಿ ಏನನ್ನು ಕೈಬಿಡುತ್ತೀರಿ ಎಂಬ ಪ್ರಶ್ನೆಗೂ ಉತ್ತರ ತರಬೇಕು. ಆಗ ಯೋಜನೆ ರೂಪಿಸುವವರಿಗೇ ಲೆಕ್ಕದ ಬಿಸಿ ತಟ್ಟುತ್ತದೆ.

ಅತಿಯಾದರೂ ಕಷ್ಟ. ಪ್ರತಿ ಉದ್ದೇಶಕ್ಕೂ ವಿಶ್ಲೇಷಣೆ ಮಾಡಿ, ಆಮೇಲೆ ಹಣ ಕೊಡುವ ಪದ್ಧತಿಯನ್ನು ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರಾ ತಮ್ಮ ಇಲಾಖೆಗೆ ತಂದರು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಅದನ್ನು ಉಳಿದ ಇಲಾಖೆಗಳಿಗೂ ಹೇರಿದರು. ಕಾಗದ ಗುಡ್ಡೆಯಾಯಿತು. ವಿಶ್ಲೇಷಣೆ ಲೆಕ್ಕದ ಒಂದು ತಲೆಬರಹದಲ್ಲಿ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹಣ ಮಂಜೂರು ಮಾಡುವುದು ಇನ್ನೊಂದು ತಲೆಬರಹದಲ್ಲಿ. 1971ರ ಹೊತ್ತಿಗೆ ನಾಗರಿಕ ಇಲಾಖೆಗಳು ಅದನ್ನು ಕೈಬಿಟ್ಟವು. ಕೊನೆಗೂ ನಿಂತದ್ದು ರಕ್ಷಣಾ ಇಲಾಖೆಯಲ್ಲಿ ಮಾತ್ರ, ಸ್ವಲ್ಪ ರೂಪ ಬದಲಿಸಿಕೊಂಡು.

ಸಂಸತ್ತಿನ ಬಗ್ಗೆ ಕೇಳಿದ್ದೀರಿ. ಅದಕ್ಕೆ ಸ್ವೀಡನ್ ನೋಡಬೇಕು. 1990ರ ದಶಕದ ಆರಂಭದ ಆರ್ಥಿಕ ಬಿಕ್ಕಟ್ಟಿನಲ್ಲಿ ಕೈಸುಟ್ಟುಕೊಂಡ ಮೇಲೆ ಅಲ್ಲಿನ ಸಂಸತ್ತು ಮತ ಹಾಕುವ ಕ್ರಮವನ್ನೇ ತಿರುಗಿಸಿತು. ಮೊದಲು ಒಟ್ಟು ವೆಚ್ಚದ ಮಿತಿ, ಆಮೇಲೆ 27 ವೆಚ್ಚ ಕ್ಷೇತ್ರಗಳಿಗೆ ಒಂದೊಂದು ಚೌಕಟ್ಟು, ಕೊನೆಗೆ ಆ ಚೌಕಟ್ಟಿನೊಳಗಿನ ಹಂಚಿಕೆ. ಈ ಕೊನೆಯ ಹಂತದಲ್ಲಿ ಒಂದು ಬಾಬತ್ತಿಗೆ ಹೆಚ್ಚು ಕೊಡಿ ಎನ್ನುವ ಸದಸ್ಯ, ಅದೇ ಕ್ಷೇತ್ರದ ಇನ್ನೊಂದು ಬಾಬತ್ತಿನ ಹೆಸರು ಹೇಳಿ ಅಲ್ಲಿಂದ ಕಡಿಮೆ ಮಾಡಿಸಬೇಕು.