ಕೇಣಿಗೆ ಕಾಗದ ಇಲ್ಲದಿದ್ದರೆ?

ಚನ್ನಗಿರಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಅಡಿಕೆ ಫಸಲನ್ನು ಪರಿಚಯದ ಕೇಣಿದಾರರಿಗೆ (ಮರದ ಮೇಲಿನ ಫಸಲನ್ನೇ ಕೊಂಡು ಕೊಯ್ಯಿಸಿಕೊಳ್ಳುವವರಿಗೆ) ಬಾಯಿಮಾತಿನಲ್ಲೇ ಕೊಟ್ಟರು. ಹಸಿ ಅಡಿಕೆ ಕ್ವಿಂಟಾಲಿಗೆ 6,500 ರೂ. ಮುಂಗಡ 1 ಲಕ್ಷ ಫೋನ್‌ಪೇಯಲ್ಲಿ ಬಂತು. ಎರಡು ಕೊಯ್ಲಿಗೆ 42 ಕ್ವಿಂಟಾಲ್ ಹೋಯಿತು. ಧಾರಣೆ ಇಳಿದದ್ದೇ ತಡ, ಕೇಣಿದಾರರು 'ನಾನೇನು ಬರೆದುಕೊಟ್ಟಿದ್ದೀನಾ?' ಎನ್ನುತ್ತಿದ್ದಾರಂತೆ. ಮೂರನೇ ಕೊಯ್ಲಿನ ಗೊನೆ ಮರದಲ್ಲೇ ಇದೆ. ಬಾಯಿಮಾತು ಕಾನೂನಿಗೆ ನಿಲ್ಲುತ್ತದೆಯೇ?

ನಿಲ್ಲುತ್ತದೆ. 1872ರ ಕರಾರು ಕಾಯ್ದೆ ಎಲ್ಲ ಕರಾರಿಗೂ ಬರಹ ಬೇಕೆನ್ನುವುದಿಲ್ಲ. ಕೊಯ್ದು ಕೊಡುವ ಕರಾರಿದ್ದರೆ ಮರದ ಮೇಲಿನ ಫಸಲು 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಸರಕೇ. ಅದನ್ನು ಮಾತಿನಲ್ಲಿ ಮಾರಬಹುದು, ನೋಂದಣಿ ಬೇಡ. ಜಮೀನು ಮಾರುವುದಾದರೆ ಮಾತ್ರ ಲೆಕ್ಕವೇ ಬೇರೆ.

ಗೊನೆ ನಿಮ್ಮ ವ್ಯಾಜ್ಯಕ್ಕೆ ಕಾಯುವುದಿಲ್ಲವಾದ್ದರಿಂದ ಮೊದಲ ಕೆಲಸ ತೋಟದ್ದು. ಹಣ್ಣಾಗಿ ಗೋಟಾದ (ಅತಿಯಾಗಿ ಬಲಿತ) ಮೇಲೆ 'ನಷ್ಟ ಕಟ್ಟಿಕೊಡಿ' ಎಂದರೆ, ತಪ್ಪಿಸಬಹುದಾಗಿದ್ದ ನಷ್ಟವನ್ನು ಕೋರ್ಟು ಕೊಡಿಸದು. 'ಇಂಥ ದಿನದೊಳಗೆ ಕೊಯ್ಯದಿದ್ದರೆ ಬೇರೆಯವರಿಗೆ ಕೊಡುತ್ತೇನೆ' ಎಂದು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ಗಡುವು ಮುಗಿದ ಕೂಡಲೇ ಮಾರಿಬಿಡಿ. 20 ಕ್ವಿಂಟಾಲ್ 5,800ಕ್ಕೆ ಹೋಯಿತೆನ್ನಿ. ಕ್ವಿಂಟಾಲಿಗೆ 700ರಂತೆ 14,000 ರೂ. ವ್ಯತ್ಯಾಸ ಕೇಳಬಹುದು. ಒಯ್ದ 42 ಕ್ವಿಂಟಾಲಿಗೆ 2,73,000. ಮುಂಗಡ ಕಳೆದರೆ 1,73,000. ಒಟ್ಟು 1,87,000 ರೂ.

ತೊಡಕಿರುವುದು ರುಜುವಾತಿನಲ್ಲಿ. ತೂಕದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕೊಯ್ಲಿಗೆ ಬಂದ ಆಳುಗಳು, ಮಾತುಕತೆಗೆ ಕೂತಿದ್ದ ಪಕ್ಕದ ತೋಟದವರು, ಎಲ್ಲವೂ ಸಾಕ್ಷಿಯೇ. ಮುಂಗಡ ಬಂದದ್ದಕ್ಕೆ ಬ್ಯಾಂಕಿನ ದಾಖಲೆಯಿದೆ, ಆದರೆ ದರ ಎಷ್ಟೆಂದು ಅದು ಹೇಳದು. ಆದ್ದರಿಂದ ಜಗಳದ ದನಿ ಬಿಟ್ಟು ಒಂದು ಸಂದೇಶ ಹಾಕಿ: '42 ಕ್ವಿಂಟಾಲ್, 6,500ರಂತೆ, ಮುಂಗಡ ಕಳೆದು 1,73,000 ಬಾಕಿ. ಯಾವಾಗ ಕೊಡ್ತೀರಿ?' ಅದಕ್ಕೆ 'ಹಬ್ಬ ಕಳೀಲಿ ಅಣ್ಣಾ' ಎಂದು ಬಂದರೂ ನಿಮಗೆ ಬಲ. ಸ್ಕ್ರೀನ್‌ಶಾಟ್ ನಂಬಿ ಫೋನ್ ಮಾರಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೋರ್ಟಿಗೆ ಸಂದೇಶ ಒಪ್ಪಿಸುವಾಗ ಅದು ಯಾವ ಫೋನಿನದೆಂಬ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ.

ದಾವೆಗೆ ಮೂರು ವರ್ಷ ಕಾಲಾವಕಾಶ. ಹಣ ಯಾವಾಗ ಕೊಡಬೇಕೆಂದು ಮಾತಾಡಿಲ್ಲದಿದ್ದರೆ ಪ್ರತಿ ಕೊಯ್ಲಿನ ಬಾಕಿಗೂ ಮಾಲು ಒಯ್ದ ದಿನದಿಂದಲೇ ಎಣಿಕೆ. ಅವಧಿ ಮುಗಿಯುವುದರೊಳಗೆ ಬಾಕಿ ಒಪ್ಪಿ ಸಹಿ ಮಾಡಿಕೊಟ್ಟರೆ ಆ ದಿನದಿಂದ ಹೊಸ ಎಣಿಕೆ. ಪೊಲೀಸ್ ಠಾಣೆಯಲ್ಲಿ ಹಣ ವಸೂಲಾಗದು. ಮೊದಲಿನಿಂದಲೂ ಮೋಸದ ಉದ್ದೇಶ ಇತ್ತೆಂದು ತೋರಿಸಲಾಗದಿದ್ದರೆ ಇದು ಸಿವಿಲ್ ವ್ಯಾಜ್ಯವೇ. ದಾವೆಗೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡುವುದು ಮೇಲು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಮೇಲ್ಮನವಿ ಇಲ್ಲ.

ಮುಂದಿನ ಸಲ ಬರೆಸುವಾಗ 'ತೋಟ ಗುತ್ತಿಗೆಗೆ ಕೊಟ್ಟಿದ್ದೇನೆ' ಎಂದು ಬರೆಸಬೇಡಿ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನನ್ನು ಗೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದಕ್ಕೆ ನಿಷೇಧವಿದೆ. ಆ ಒಂದು ಪದವೇ ಎದುರಾಳಿಯ ವಕೀಲರಿಗೆ ಸಾಕು. 'ಈ ಸಾಲಿನ ಫಸಲು ಮಾರಾಟ' ಎಂದಿರಲಿ. ದರ, ಎಷ್ಟು ಕೊಯ್ಲು, ತೂಕ ಯಾರ ಮುಂದೆ, ಹಣ ಎಂದು, ಇಬ್ಬರ ಸಹಿ: ಅರ್ಧ ಹಾಳೆ ಸಾಕು.

-ಸಂ.